ಅಖೈರು ಶಿಲ್ಕು

ಈ ಸಲದ ಅಖೈರು ಶಿಲ್ಕು
ಒಂಬತ್ತು ಸಾವಿರದ ಇನ್ನೂರ ಹದಿನಾಲ್ಕು ಯೂರೊ.
ಬಂದ ಬಡ್ಡಿ ನಲವತ್ತೊಂದು.
ಅಂದರೆ, ಸಭಾಸದರೇ, ಒಂದು ಬೂಟು.
ಎಡದ್ದೋ ಬಲದ್ದೋ
ನೀವೇ ಗೊತ್ತುವಳಿ ಮಾಡಿ.

ನಾನು ಟ್ರಿಯೆಸ್ತೆಯ ಬಂದರಿನಲ್ಲಿ ಮೂವತ್ತೊಂದು ವರ್ಷ
ಕಾಫಿ ಮೂಟೆ ತೂಗಿದವನು.
ಮುಳ್ಳು ನಿಂತದ್ದನ್ನು ಬರೆದೆ,
ಕಣ್ಣಳತೆಯನ್ನು ನಂಬಿದವನಲ್ಲ.
ನೀವೆಸ್ ತೀರಿಕೊಂಡ ಮೇಲೆ ಈ ಕಬ್ಬಿಣದ ಪೆಟ್ಟಿಗೆ,
ಬೀಗದಕೈ, ಹನ್ನೊಂದು ದಫ್ತರ
ನನ್ನ ಅಡುಗೆಮನೆಯ ಮೇಜಿಗೆ ಬಂದವು.
ಹೊರಗೆ ಬೋರಾ ಗಾಳಿ. ಕಿಟಕಿಯ ಗಾಜು
ಹಲ್ಲು ಕಡಿಯುತ್ತಿತ್ತು. ಓದತೊಡಗಿದೆ.

ಮೊದಲ ಪುಟ ಸಾವಿರದ ಒಂಬೈನೂರ ಎಂಟು.
ಹಗ್ಗದ ವ್ಯಾಪಾರಿಯ ವಿಧವೆ ಒತ್ತಿಲಿಯಾ ವಿದುಲಿಚ್
(ಗಾಳಿಯ ದಿನ ಬೀದಿಯುದ್ದ ಕಟ್ಟುತ್ತಿದ್ದರಲ್ಲ,
ಜನ ಹಿಡಿದು ನಡೆಯಲೆಂದು, ಆ ಹಗ್ಗ)
ಇಪ್ಪತ್ತು ಸಾವಿರ ಕ್ರೋನ್ ಇಟ್ಟಳು:
ಹಮಾಲರ ಮಕ್ಕಳಿಗೆ ಚಳಿಗಾಲಕ್ಕೊಂದು ಜೊತೆ ಬೂಟು.
ಅಸಲು ಮುಟ್ಟಕೂಡದು. ಕೆಳಗೆ ಎರಡು ಗೆರೆ.
ಆ ವರ್ಷ ಎಂಬತ್ತೆಂಟು ಜೊತೆ.
ಲೆಕ್ಕದ ಎದುರು ಪುಟದಲ್ಲಿ
ಪೆನ್ಸಿಲಿನ ಸುತ್ತುಗೆರೆಯ ಪಾದಗಳು,
ಒಂದರ ಮೇಲೊಂದು, ಒಂದರೊಳಗೊಂದು,
ಕಾಗದ ದುಬಾರಿ ನೋಡಿ.

ಆಮೇಲೆ ಯುದ್ಧ. ಯಾರೋ ದೊಡ್ಡವರ ಮಾತು ಕೇಳಿ
ಅರ್ಧ ಹಣ ಚಕ್ರವರ್ತಿಯ ಸಾಲಪತ್ರಕ್ಕೆ ಹೋಯಿತು.
ಚಕ್ರವರ್ತಿಯೂ ಹೋದ.
ಉಳಿದದ್ದಕ್ಕೆ, ನೂರು ಕ್ರೋನಿಗೆ ಅರವತ್ತು ಲೀರಾ ಎಣಿಸಿ
ಹೊಸ ಸರಕಾರ ಬೆನ್ನು ತಟ್ಟಿತು.
ಆಗಿನ ಖಜಾಂಚಿ ಡ್ರಾಗೊ ಶ್ಕೆರ್ಲ್.
ಇಪ್ಪತ್ತೊಂಬತ್ತರಲ್ಲಿ ಅವನ ಹೆಸರೂ ವಿನಿಮಯವಾಯಿತು:
ಅದೇ ಬಾಗಿದ ಅಕ್ಷರ, ಅದೇ ನೀಲಿ ಶಾಯಿ,
ಸಹಿ ಮಾತ್ರ ಸ್ಕೆರ್ಲಿ.
ಯಾವ ದರದಲ್ಲಿ ಎಂದು ಬರೆದಿಲ್ಲ.

ನಲವತ್ತನಾಲ್ಕು.
ಜಮಾ ಸೊನ್ನೆ, ಖರ್ಚು ಸೊನ್ನೆ.
ತೊಗಲಿಲ್ಲ. ಬೂಟು ಹೊಲಿಯುತ್ತಿದ್ದ ಅಬ್ರಾಮೊ ಇಲ್ಲ,
ಎಲ್ಲಿಗೆ ಒಯ್ದರು ಎಂಬ ನಮೂದೂ ಇಲ್ಲ.
ಎದುರು ಪುಟದಲ್ಲಿ ಮಾತ್ರ ಹದಿನೇಳು ಪಾದ.
ಕೊಡಲು ಏನೂ ಇಲ್ಲದ ವರ್ಷ
ಅಳತೆ ಯಾಕೆ ತೆಗೆದ ಈ ಮನುಷ್ಯ?
ನಾನು ತೂಕದವನು. ನನಗೆ ತಾಳೆಯಾಗಲಿಲ್ಲ.
ಕಾಫಿ ಇಳಿಸಿದೆ, ಆರಿತು, ಮತ್ತೆ ಕಾಯಿಸಿದೆ.

ಮುಂದೆ ಸೋಲ್ಜರುಗಳ ಲೀರಾ, ಪಡಿತರ ಚೀಟಿಯಷ್ಟು ಚೌಕ.
ಮತ್ತೆ ನಮ್ಮ ಲೀರಾ: ವರ್ಷಕ್ಕೊಂದು ಸೊನ್ನೆ ಏರಿಸಿಕೊಂಡು
ಹೊರಗೆ ಊದಿ ಒಳಗೆ ಟೊಳ್ಳು.
ನೀವೆಸ್ ಬೂಟು ಬಿಟ್ಟು ರಬ್ಬರಿನ ಜೋಡಿಗಿಳಿದಳು,
ಆಮೇಲೆ ಉಣ್ಣೆಯ ಕಾಲುಚೀಲ.
ಎಂಬತ್ತೊಂದರಲ್ಲಿ ಬರೀ ಲೇಸು.
ಅದನ್ನೂ ಜೊತೆ ಎಂದೇ ಬರೆದಿದ್ದಾಳೆ, ಪುಣ್ಯಾತ್ಗಿತ್ತಿ.
ಕೊನೆಗೆ ಆ ಸೊನ್ನೆಗಳೆಲ್ಲ ಒಂದೇ ರಾತ್ರಿ ಉದುರಿ
ಯೂರೊ ಆಯಿತು.

ಬ್ಯಾಂಕಿನ ಹುಡುಗ ಜೆರ್ಬಿನ್ ಒಳ್ಳೆಯವನೇ.
ಮುಚ್ಚಿಬಿಡಿ, ದೊಡ್ಡ ಸಂಸ್ಥೆಗೆ ಸೇರಿಸಿ ಎಂದ.
ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಒಪ್ಪಿದೆ.
ಆದರೆ ನಮ್ಮದು ಕುಗ್ಗುವ ಹಾಸಿಗೆ,
ಕಾಲು ಬೆಳೆಯುವ ಕಾಲು.

ಮೊನ್ನೆ ಮಂಗಳವಾರ ಟೀಚರು ಒಂದು ಹುಡುಗಿಯನ್ನು ಕಳಿಸಿದರು.
ಎರ್ಬ್ಲಿನಾ. ಕೊಸೊವೊದವಳು.
ಅಪ್ಪನಿಗೆ ಹಡಗುಕಟ್ಟೆಯಲ್ಲಿ ಬೆಸುಗೆಯ ಕೆಲಸ.
ಡಿಸೆಂಬರಿನಲ್ಲಿ ಬೇಸಿಗೆಯ ಚಪ್ಪಲಿ.
ನನ್ನನ್ನು ಕೇಳದೆ ನನ್ನ ಕೈ
ದಫ್ತರವನ್ನು ನೆಲದ ಮೇಲೆ ಬಿಚ್ಚಿತು.
ಹಿಮ್ಮಡಿಯಿಂದ ಹೊರಟ ಪೆನ್ಸಿಲು
ಪಾದದ ಒಳಬಾಗಿಗೆ ಬರುತ್ತಲೂ
ಕಚಗುಳಿಗೆ ಕಿಲಕಿಲ ನಕ್ಕಳು.
ಗೆರೆ ನಡುಗಿತು.

ಅವಳು ಹೋದ ಮೇಲೆ ಹಿಂದಿನ ಪುಟಗಳನ್ನು ತಿರುವಿದೆ.
ಕ್ರೋನಿನಲ್ಲಿ, ಲೀರಾದಲ್ಲಿ, ಸೋಲ್ಜರುಗಳ ನೋಟಿನಲ್ಲಿ
ಅದೇ ಜಾಗದಲ್ಲಿ ಅದೇ ನಡುಕ.
ನಲವತ್ತನಾಲ್ಕರಲ್ಲೂ,
ಹದಿನೇಳರಲ್ಲಿ ಹದಿನಾರು.
ಒಂದು ಗೆರೆ ಮಾತ್ರ ನೆಟ್ಟಗೆ ಹೋಗಿದೆ.

ಆದ್ದರಿಂದ ಮೇಲೆ ಓದಿದ ಮೊತ್ತ ತಿದ್ದಿಕೊಳ್ಳಿ:
ಎಪ್ಪತ್ತೆಂಟು ಕಡಿಮೆ.
ಅಸಲು ಮುಟ್ಟಿದವನು ನಾನು.
ಕಂದು ಬಣ್ಣ, ಮೂವತ್ತೆರಡನೇ ನಂಬರು,
ಬರುವ ವರ್ಷಕ್ಕೂ ಆಗಲೆಂದು
ಒಂದು ಬೆರಳು ಸಡಿಲ.
ರಸೀದಿ ಲಗತ್ತಿಸಿದೆ.